ನಾನು ವಂದಿಸುತ್ತಿದ್ದಾಗ ಪ್ರಪಾತಕ್ಕೆ ಬಿದ್ದ ಡ್ರ್ಯಾಗನ್ ಅವರಿಗೆ

ನಮ್ಮ ಮನೆಯ ವಿಡಿಯೊ ಗೇಮಿನ ಕೊನೆಯ ಹಂತದ ಅಧಿಪತಿಗಳೂ, ಬೆಂಕಿಯುಗುಳುವುದರಲ್ಲಿ ಅದ್ವಿತೀಯರೂ, ಸದ್ಯಕ್ಕೆ ದಿವಂಗತರೂ ಆದ ತಮಗೆ ಲಾಡ್ಜೊಂದರ ಸ್ವಾಗತಕಾರನ ಅನಂತ ವಂದನೆಗಳು.

ಮಾನ್ಯರೇ,

ಸತ್ತವರ ಮೇಲೆ ದೂರು ಹೇಳುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೆ ನನ್ನ ದೂರೇ ತಾವು ಸತ್ತದ್ದರ ಬಗ್ಗೆ ಇರುವುದರಿಂದ ಬೇರೆ ದಾರಿ ಕಾಣಲಿಲ್ಲ.

ನನ್ನ ಮಗಳಿಗೆ ಹದಿನಾರು. ಊಟಕ್ಕೆ ಕುಳಿತಾಗ ಅವಳ ಬಾಯಿಂದ ‘ಹೂಂ’, ‘ಉಹೂಂ’ ಬಿಟ್ಟು ಇನ್ನೊಂದು ಮಾತು ಹೊರಡುವುದಿಲ್ಲ. ಆದರೆ ತಮ್ಮ ಆಟ ಹಾಕಿಕೊಂಡು ಹಳೆಯ ಸೋಫಾದಲ್ಲಿ ನನ್ನ ಪಕ್ಕ ಕುಳಿತಳೆಂದರೆ, ನನ್ನ ಪೆದ್ದುತನವನ್ನು ಆಡಿಕೊಳ್ಳುತ್ತ, ನಡುನಡುವೆ ಗೆಳತಿಯ ಮುನಿಸು, ಪರೀಕ್ಷೆಯ ಭಯ ಎಲ್ಲವನ್ನೂ ಬಡಬಡನೆ ಹೇಳಿಬಿಡುತ್ತಾಳೆ. ಆಟ ಮುಗಿದರೆ ಈ ಮಾತೂ ಮುಗಿಯುತ್ತದೆಂಬ ಹೆದರಿಕೆಯಿಂದ, ‘ಇದು ತೀರಾ ಸಲೀಸು, ಕಷ್ಟ ಮಾಡಿಕೊಳ್ಳೋಣ’ ಎಂದು ಆಟದಲ್ಲಿ ನಾನು ಕತ್ತಿ ಬಳಸುವುದನ್ನು ಬಿಟ್ಟೆ. ಅವಳು ಹುರುಪಿನಿಂದ ಗುರಾಣಿ ಬಿಡಿಸಿದಳು. ಆಮೇಲೆ ಮಂತ್ರ ಹೋಯಿತು, ಗಾಯದ ಮದ್ದು ಹೋಯಿತು, ಕುದುರೆಯೂ ಹೋಯಿತು. ಕೊನೆಗೆ ನನ್ನ ವೀರ ಒಂದು ಸೌಟು ಹಿಡಿದು ಲೋಕೋದ್ಧಾರಕ್ಕೆ ಹೊರಟ. ಸಾಲದ್ದಕ್ಕೆ ಮಗಳು, “ಅಪ್ಪಾ, ಲಾಡ್ಜಲ್ಲಿ ಬಂದೋರಿಗೆಲ್ಲ ತಲೆ ಬಗ್ಗಿಸ್ತೀಯಲ್ಲ, ಇಲ್ಲೂ ಹಾಗೇ ಮಾಡು” ಎಂದು, ಹೊಡೆಯುವ ಮುನ್ನ ಪ್ರತಿ ಶತ್ರುವಿಗೂ ಬಾಗಿ ವಂದಿಸಲೇಬೇಕೆಂಬ ಕಟ್ಟಳೆ ಹಾಕಿದಳು.

ಫಲ ಅಮೋಘವಾಗಿತ್ತು. ನನ್ನ ವಂದನೆ ಮುಗಿಯುವ ಮೊದಲೇ ಹೆಗ್ಗಣಗಳು ನನ್ನನ್ನು ಮುಗಿಸಿದವು. ಸೇತುವೆ ಕಾಯುವ ರಾಕ್ಷಸ ಚಳಿಗಾಲವಿಡೀ ಜಜ್ಜಿದ. “ದುಡ್ಡು ಕೊಟ್ಟು ಒದೆ ತಿನ್ನೋರನ್ನ ಇಲ್ಲೇ ನೋಡಿದ್ದು ನಾನು” ಎಂದಳು ನನ್ನ ಹೆಂಡತಿ. ನಾನೋ ಪರಮಾನಂದದಲ್ಲಿದ್ದೆ, ತಮ್ಮಂಥ ಮಹಾನುಭಾವರು ಕೊನೆಯಲ್ಲಿ ಕಾದಿರುವಾಗ ಇನ್ನೂ ಬಹುಕಾಲ ಚಿಂತೆಯಿಲ್ಲವೆಂದು ನಂಬಿದ್ದೆ.

ತಾವು ಮಾಡಿದ್ದೇನು? ಮೊದಲ ಭೇಟಿಯಲ್ಲೇ, ನಾನು ಪ್ರಪಾತಕ್ಕೆ ಬೆನ್ನು ಹಾಕಿ, ಸೊಂಟ ಬಗ್ಗಿಸಿ ತಮಗೆ ವಂದಿಸುತ್ತಿದ್ದಾಗ, ತಾವು ಆವೇಶದಿಂದ ನುಗ್ಗಿ, ಬಾಗಿದ ನನ್ನ ತಲೆಯ ಮೇಲಿಂದ ಹಾದು, ಅಷ್ಟು ದೊಡ್ಡ ರೆಕ್ಕೆಗಳಿದ್ದೂ ಬಿಚ್ಚುವ ಗೋಜಿಗೆ ಹೋಗದೆ, ನೇರ ಪ್ರಪಾತಕ್ಕೆ ಬಿದ್ದಿರಿ. ಗೆಲುವಿನ ಕಹಳೆ ಮೊಳಗಿ ಆಟ ಮುಗಿಯಿತು. ಮಗಳು ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೆದ್ದವನು ಇಷ್ಟು ದುಃಖಪಟ್ಟದ್ದುಂಟೇ?

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಪ್ರಪಾತದಿಂದ ಎದ್ದು ಬರಬೇಕು. ಸಾಧ್ಯವಾದರೆ ಇನ್ನೊಂದು ತಲೆಯನ್ನು, ಅದರೊಳಗೆ ಕೊಂಚ ಮಿದುಳನ್ನೂ ಬೆಳೆಸಿಕೊಂಡು ಬರಬೇಕು. ಮತ್ತು ನನ್ನನ್ನು ಪ್ರತಿ ಭಾನುವಾರ ತಪ್ಪದೆ ಸುಟ್ಟು ಬೂದಿ ಮಾಡಿ ಉಪಕರಿಸಬೇಕು. ಪ್ರತಿಯಾಗಿ ನಮ್ಮ ಲಾಡ್ಜಿನಲ್ಲಿ ತಮಗೊಂದು ಗಾಳಿಬೆಳಕಿನ ಕೋಣೆ ಕಾದಿರಿಸಿದ್ದೇನೆ. ಕಿಟಕಿಗೆ ಕಂಬಿಯಿದೆ, ಬೀಳುವ ಭಯವಿಲ್ಲ.

ಇನ್ನೂ ಸೊಂಟ ನೆಟ್ಟಗಾಗದ,
ತಮ್ಮ ವಿಶ್ವಾಸಿ,
ಸೌಟಿನ ವೀರ

ಮರೆತ ಮಾತು: ಇಷ್ಟು ಬರೆಯುವಷ್ಟರಲ್ಲಿ ಮಗಳ ಕೋಣೆಯ ಬಾಗಿಲು ತೆರೆಯಿತು. “ಅಪ್ಪಾ, ಪಾಪ ಆ ಡ್ರ್ಯಾಗನ್. ಮೊದಲಿಂದ ಆಡೋಣ, ಈ ಸಲ ಅದು ಸಾಯೋ ಹಾಗಿಲ್ಲ” ಎಂದು ಹೊಸ ಕಟ್ಟಳೆ ಹಾಕಿ, ಆಗಲೇ ಸೋಫಾದಲ್ಲಿ ಕುಳಿತಿದ್ದಾಳೆ. ಹೀಗಾಗಿ ಮಿದುಳಿನ ಬೇಡಿಕೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಅಂಚು ಕಂಡಲ್ಲೆಲ್ಲ ನುಗ್ಗುವ ತಮ್ಮನ್ನು ಬದುಕಿಸಿಕೊಳ್ಳಲು ನಮಗೆ ವರ್ಷಗಳೇ ಬೇಕಾದಾವು. ದಯವಿಟ್ಟು ತಮ್ಮ ದಡ್ಡತನವನ್ನು ಹೀಗೇ ಕಾಪಾಡಿಕೊಂಡು ಬರಬೇಕಾಗಿ ವಿನಂತಿ.