ಬಿಜ್ಜರಗಿಯ ಕೆಳಗೊಂದು ನೀರಿನ ಗುಡ್ಡ

ಮಲಕಾರಿಯ ಕಂಪ್ಯೂಟರಿನಲ್ಲಿ ಬಿಜ್ಜರಗಿಯ ನೆಲದಡಿ ಒಂದು ಗುಡ್ಡ ಎದ್ದು ಕೂತಿತ್ತು. ಕಲ್ಲಿನದಲ್ಲ, ಮಣ್ಣಿನದಲ್ಲ, ನೀರಿನ ಗುಡ್ಡ. ಟಿಕೋಟಾದಿಂದ ಬಬಲೇಶ್ವರದವರೆಗೆ ನೀಲಿ ಬಣ್ಣದ ನೀರಿನ ಪದರ ಸಣ್ಣಪುಟ್ಟ ಉಬ್ಬುತಗ್ಗುಗಳೊಂದಿಗೆ ಪಾತಾಳದಲ್ಲಿ ಮಲಗಿದ್ದರೆ, ಬಿಜ್ಜರಗಿಯ ಒಂದೇ ಒಂದು ಹೊಲದ ಕೆಳಗೆ ಅದು ಕಂಬಳಿಯೊಳಗೆ ಮೊಣಕಾಲೆತ್ತಿ ಮಲಗಿದವರ ಹಾಗೆ ಉಬ್ಬಿ, ಇನ್ನೇನು ನೆಲ ಒಡೆದು ಹೊರಗೆ ಬರುತ್ತದೆ ಎನ್ನುವಂತಿತ್ತು.

ಮಲಕಾರಿ ಭೂಗರ್ಭಶಾಸ್ತ್ರ ಓದಿದವನು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಕೆಳಗೆ ಟ್ರ್ಯಾಕ್ಟರ್ ರಿಪೇರಿ, ಮೇಲೆ ಅಂತರ್ಜಲ ಸಮೀಕ್ಷೆಯ ಕಚೇರಿ ಇರುವ ಕಟ್ಟಡದಲ್ಲಿ ಅವನ ನೌಕರಿ. ಎರಡು ವರ್ಷದಿಂದ ಅವನು ಊರೂರು ತಿರುಗಿ ಒಂದೊಂದು ಬೋರಿನ ಜಾತಕ ಕೇಳಿದ್ದ. ಎಷ್ಟು ಆಳಕ್ಕೆ ಕರಿಕಲ್ಲು ಹತ್ತಿತು, ಎಷ್ಟಕ್ಕೆ ಕೆಂಪು ಮಣ್ಣು ಬಂತು, ನೀರು ಎಷ್ಟಕ್ಕೆ? ಇದಲ್ಲದೆ ಅಲ್ಲಲ್ಲಿ ನೆಲಕ್ಕೆ ಕಬ್ಬಿಣದ ಸರಳು ಬಡಿದು, ವಿದ್ಯುತ್ ಹಾಯಿಸಿ, ಕೆಳಗೆ ಏನಿದೆ ಎಂದು ನೋಡುವ ಸಮೀಕ್ಷೆಯನ್ನೂ ಮಾಡಿದ್ದ. ಎರಡನ್ನೂ ಸೇರಿಸಿ ಇಡೀ ಸೀಮೆಯ ಹೊಟ್ಟೆಯೊಳಗಿನ ಚಿತ್ರ ಕಟ್ಟುವುದು ಕೆಲಸ. ಸರಳು ಒಂದು ಹೇಳಿ ಬೋರಿನ ಯಜಮಾನ ಇನ್ನೊಂದು ಹೇಳಿದರೆ ಅವನು ಯಜಮಾನನನ್ನೇ ನಂಬಿದ್ದ. ಚಹಾ ಕೊಟ್ಟ ಮನುಷ್ಯನನ್ನು ಬಿಟ್ಟು ಕಬ್ಬಿಣವನ್ನು ನಂಬುವುದು ಅವನ ಸಂಸ್ಕಾರಕ್ಕೆ ಒಗ್ಗುವ ಮಾತಲ್ಲ.

ಮರುದಿನ ಕಲಬುರಗಿಯಿಂದ ತಜ್ಞರು ಬರುವವರಿದ್ದರು. ಅವರು ಒಪ್ಪಿದರೆ ಚಿತ್ರದ ಮೇಲೆ ಮಲಕಾರಿಯ ಹೆಸರು ಬೀಳುತ್ತಿತ್ತು, ಬಿಸಿಲಿನ ತಿರುಗಾಟ ತಪ್ಪಿ ಕಚೇರಿಯ ಫ್ಯಾನಿನ ಕೆಳಗಿನ ಕುರ್ಚಿ ಸಿಗುತ್ತಿತ್ತು. ಒಪ್ಪದಿದ್ದರೆ ಮತ್ತೆ ಮೊದಲಿನಿಂದ, ಮತ್ತೆ ಬಿಸಿಲು. ವಿಜಯಪುರದ ಬಿಸಿಲಿನಲ್ಲಿ ಎರಡು ವರ್ಷ ಬೆಂದವನಿಗೆ ಆ ಫ್ಯಾನು ಎಷ್ಟು ದೊಡ್ಡದು ಎಂಬುದನ್ನು ಬೆಂದವರೇ ಬಲ್ಲರು.

ಕಚೇರಿಯ ಮುಖ್ಯಸ್ಥೆ ನಜಮಾ ಮೇಡಮ್ ಗುಡ್ಡವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಮಲಕಾರಿಯವರ, ನೀರು ತಗ್ಗಿಗೆ ಹರೀತಾವು ಅಂತ ನಾ ಸಾಲ್ಯಾಗ ಓದೇನಿ. ಬಿಜ್ಜರಗ್ಯಾಗ ಮಾತ್ರ ಗುಡ್ಡ ಹತ್ತ್ಯಾವೇನ್ರಿ?"

"ಪರಸವ್ವ ಅಂತ ಅದಾರ್ರಿ ಮೇಡಮ್, ಅವರ ಬೋರಿದು. ಕೈಗೆ ಎಟಕೂ ಹಾಂಗ ನೀರ ಅದಾವು ಅಂತ ಹೇಳ್ಯಾರ್ರಿ."

"ಹೇಳ್ಯಾರ. ನೀವು ಅಳದೀರೇನು?"

ಮಲಕಾರಿ ಕಿಟಕಿಯ ಹೊರಗೆ ನೋಡಿದ. ಪರಸವ್ವನ ಬೋರಿಗೆ ಹೋಗಿದ್ದ ದಿನ ನೀರು ಅಳೆಯುವ ಟೇಪಿನ ಸೆಲ್ ಮುಗಿದಿತ್ತು.

"ಸಂಜಿ ಆಗೂದ್ರಾಗ ಆ ಗುಡ್ಡ ಇಳೀಬೇಕು. ಇಲ್ಲಾ, ಯಾಕ ಹತ್ತ್ಯಾವು ಅಂತ ತಿಳಕೊಂಡ ಬರಬೇಕು. ಹೋಗ್ರಿ," ಎಂದರು ಮೇಡಮ್.

ಜೀಪಿನ ಡ್ರೈವರ್ ಫಕ್ರುದ್ದೀನ ಚಾಚಾನಿಗೆ ಮೂರು ತಾಲೂಕಿನಲ್ಲಿ ಗುರುತಿಲ್ಲದ ಮನೆಯಿಲ್ಲ, ತಿಳಿಯದ ಸುದ್ದಿಯಿಲ್ಲ, ತಿಳಿದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ರೂಢಿಯೂ ಇಲ್ಲ. ಜೀಪು ಹೊರಡುವ ಮೊದಲೇ ಅವನು ಬಿಜ್ಜರಗಿಯ ಗೆಳೆಯನಿಗೆ ಫೋನು ಹಚ್ಚಿ, "ನಮ್ಮ ಸಾಹೇಬ್ರು ಪರಸವ್ವಕ್ಕನ ಬೋರ್ ನೋಡಾಕ ಬರಾಕತ್ತಾರ, ಮನ್ಯಾಗ ಇರಾಕ ಹೇಳು," ಎಂದುಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಎಲ್ಲಾ ಅವಾಂತರ ಅಲ್ಲಿಂದಲೇ ಶುರುವಾಯಿತು.

ಜೀಪು ಮುಟ್ಟಿದಾಗ ಪರಸವ್ವನ ಅಂಗಳ ಸಾರಿಸಿ ಗುಡಿಸಿ ಥಳಥಳ ಎನ್ನುತ್ತಿತ್ತು. ಹೊರಸಿನ ಮೇಲೆ ಹೊಸ ಚಾದರ. ಬಾಗಿಲಲ್ಲಿ ಅವಳ ಮಗ ರಾಹುಲ ಇಸ್ತ್ರಿ ಅಂಗಿ ಹಾಕಿಕೊಂಡು, ಮುಖಕ್ಕೆ ಧಾರಾಳವಾಗಿ ಪೌಡರು ಬಡಿದುಕೊಂಡು, ಗೋಡೆಗೆ ಆತು ನಿಂತಿದ್ದ.

"ಬರ್ರಿ ಬರ್ರಿ, ಕೈಕಾಲ ತೊಳಕೋರ್ರಿ," ಎಂದು ಪರಸವ್ವ ಎರಡು ಕೊಡ ನೀರು ತಂದಿಟ್ಟಳು. "ಎಷ್ಟ ಬೇಕಾದ್ರೂ ಚೆಲ್ರಿ. ನಮ್ಮನ್ಯಾಗ ನೀರಿಗೇನ ಬರಾ ಇಲ್ಲ."

ತಾಟಿನಲ್ಲಿ ಮಂಡಕ್ಕಿ ಸೂಸಲಾ ಬಂತು, ಬಿಸಿ ಮಿರ್ಚಿ ಬಂತು, ಮೇಲೆ ಲಾಡು. ಸರ್ಕಾರಿ ಸಮೀಕ್ಷೆಗೆ ಈ ಪರಿಯ ಗೌರವ ಮಲಕಾರಿ ಎಂದೂ ಕಂಡವನಲ್ಲ. ಮಿರ್ಚಿ ಬಾಯಲ್ಲಿರುವಾಗಲೇ ಪರಸವ್ವ ಹತ್ತಿರ ಸರಿದು ಕೂತು ಕೇಳಿದಳು.

"ಹುಡುಗಿಗೆ ನೀವು ಏನಾಗಬೇಕ್ರಿ? ಅಣ್ಣನೋ, ಸ್ವಾದರಮಾವನೋ?"

ಮಿರ್ಚಿ ಗಂಟಲಿಗೆ ಅಡ್ಡ ನಿಂತಿತು. "ಯವ್ವಾ, ನಾ ಯಾವ ಹುಡುಗಿ ಕಡೆಯಾವನೂ ಅಲ್ಲ. ಬೋರ್ ಅಳಿಯಾಕ ಬಂದೇನಿ."

"ಗೊತ್ತೈತಿ ತಗೋಪಾ, ಹೋದ ಸಲಾನೂ ಹಿಂಗ ಅಂದಿದ್ರಿ. ಬೋರ್ ನೋಡದ ಯಾರ ಹೆಣ್ಣ ಕೊಡ್ತಾರ ಈಗ? ಮೊದಲ ಬೋರ್, ಆಮ್ಯಾಲ ಹುಡುಗ. ನೋಡ್ರಿ, ಹೊಟ್ಟಿ ತುಂಬ ನೋಡ್ರಿ!"

ಮಲಕಾರಿ ಕಚೇರಿಯ ಗುರುತಿನ ಚೀಟಿ ತೋರಿಸಿದ. ಪರಸವ್ವ ಅದನ್ನು ಹಿಂದುಮುಂದು ತಿರುವಿ, "ಫೋಟೋ ಚಲೋ ಬಂದೈತಿ," ಎಂದು ವಾಪಸು ಕೊಟ್ಟಳು. ನೌಕರಿಯಿರುವ ಮನೆತನದಿಂದ ಸಂಬಂಧ ಬಂದಿದೆ ಎಂದು ಅವಳ ಉತ್ಸಾಹ ಇನ್ನೂ ಹೆಚ್ಚಾಯಿತು.

ಹೊಲಕ್ಕೆ ಹೋಗಿ ಮಲಕಾರಿ ಟೇಪನ್ನು ಬೋರಿನೊಳಗೆ ಇಳಿಬಿಟ್ಟ. ತುದಿ ನೀರಿಗೆ ತಾಗಿದರೆ ಕುಂಯ್ ಎಂದು ಕೂಗುವ ಟೇಪು ಅದು. ಹದಿನೈದು ಅಡಿಗೇ ಕೂಗಿತು! ಮಲಕಾರಿಯ ಎದೆ ಹಿಗ್ಗಿತು. ಗುಡ್ಡ ಸುಳ್ಳಲ್ಲ! ಲೋಕದಲ್ಲಿ ಎಲ್ಲೂ ಇಲ್ಲದ ನೀರಿನ ಗುಡ್ಡ ಬಿಜ್ಜರಗಿಯಲ್ಲಿದೆ, ಅದನ್ನು ಕಂಡುಹಿಡಿದವನು ತಾನು. ತಜ್ಞರು ತನ್ನ ಕೈ ಕುಲುಕುವುದು, ಮೇಡಮ್ ತಾವೇ ಎದ್ದು ಫ್ಯಾನಿನ ಗುಂಡಿ ಒತ್ತುವುದು, ಎಲ್ಲಾ ಅವನ ಕಣ್ಣಿಗೆ ಕಟ್ಟಿತು.

ಆದರೆ ಒಮ್ಮೆ ಅಳೆದರೆ ಅಳೆದಂತಲ್ಲ, ಮೂರು ಸಲ ಅಳೆಯಬೇಕು ಎಂಬುದು ಕಚೇರಿಯ ನಿಯಮ. ಎರಡನೆಯ ಸಲ ಟೇಪು ನಲವತ್ತು ಅಡಿಗೆ ಕೂಗಿತು. ಮೂರನೆಯ ಸಲ ತೊಂಬತ್ತಕ್ಕೆ.

"ಇದೇನ ಯವ್ವಾ, ನೀರ ಇಳ್ಯಾಕತ್ತಾವು?"

"ನೀರ ಎಲ್ಲಿ ಇಳೀತಾವು, ನಿಮ್ಮ ಟೇಪ ಜಗ್ಗಿ ಜಗ್ಗಿ ಉದ್ದ ಆಗೇತಿ," ಎಂದಳು ಪರಸವ್ವ. "ಸರ್ಕಾರದ್ದು ಹಾಂಗ. ಹೊಸಾದ ತರ್ರಿ."

ರಾಹುಲನ ಹಣೆಯಿಂದ ಬೆವರು ಇಳಿದು ಪೌಡರಿನಲ್ಲಿ ಕಾಲುವೆ ತೆಗೆದಿತ್ತು. ಬೋರಿನ ಸುತ್ತ ನೆಲ ಒದ್ದೆ. ಅಲ್ಲಿಯವರೆಗೆ ದೊಡ್ಡ ಗಾಲಿಗಳು ಬಂದುಹೋದ ಹಸಿ ಗುರುತು. ಮಲಕಾರಿ ಅದನ್ನೇ ನೋಡುತ್ತ ನಿಂತದ್ದು ಕಂಡು ಹುಡುಗನ ಧೈರ್ಯ ಕುಸಿಯಿತು.

"ಯವ್ವಾ, ಇನ್ನೊಂದ ಟ್ಯಾಂಕರ್ ಹೇಳ್ಲೇನಬೇ?" ಎಂದುಬಿಟ್ಟ.

"ಬಾಯಿ ಮುಚ್ಚಲೇ ಮಬ್ಬಾ!" ಎಂದು ಪರಸವ್ವ ಹಣೆ ಬಡಿದುಕೊಂಡಳು.

ಇಷ್ಟರಲ್ಲಿ ತಮಾಷೆ ನೋಡಲು ಬಾಜೂ ಹೊಲದ ಸಂಗಣ್ಣ ಬಂದು ಬದುವಿನ ಮೇಲೆ ನಿಂತಿದ್ದ. ಮಲಕಾರಿಗೆ ಅವನ ನೆನಪಿತ್ತು. ಸಮೀಕ್ಷೆಯಲ್ಲಿ ತನ್ನದು ಪೂರಾ ಒಣ ಬೋರೆಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದವನು. ಇವತ್ತೂ ಅದೇ ರಾಗ ತೆಗೆದ.

"ನಮ್ಮ ಬೋರಂತೂ ಕೇಳಬ್ಯಾಡ್ರಿ ಸಾಹೇಬ್ರ. ಬಟನ್ ಒತ್ತಿದ್ರ ಧೂಳ ಬರ್ತೈತಿ."

ಅವನ ಹಿಂದೆ ಎಲ್ಲಿಂದಲೋ ಮೋಟರಿನ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಸಂಗಣ್ಣ ಜೋರಾಗಿ ಕೆಮ್ಮಿದ. ಸದ್ದು ನಿಲ್ಲಲಿಲ್ಲ, ಹೀಗಾಗಿ ಕೆಮ್ಮನ್ನೂ ನಿಲ್ಲಿಸುವಂತಿರಲಿಲ್ಲ. ಮಲಕಾರಿ ಬದು ದಾಟಿ ದ್ರಾಕ್ಷಿ ಪಡದೊಳಗೆ ಎರಡು ಹೆಜ್ಜೆ ಇಟ್ಟಿದ್ದಷ್ಟೇ, ಕಾಲು ಜಾರಿ ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋದ.

"ಸಂಗಣ್ಣಾ, ಇದೇನಿದು?"

ಸಂಗಣ್ಣ ನೆತ್ತಿಯ ಮೇಲಿನ ಸೂರ್ಯನನ್ನೊಮ್ಮೆ ನೋಡಿದ. "ಇಬ್ಬನಿ ರೀ," ಎಂದ.

ಪರಸವ್ವನಿಗೆ ತಡೆಯಲಾಗಲಿಲ್ಲ. "ಇಬ್ಬನಿ ಅಂತ ಇಬ್ಬನಿ! ನಮ್ಮ ಟ್ಯಾಂಕರ್ ತುಂಬಿದ್ದ ಇವನ ಬೋರಿನ ನೀರಿಲೆ! ನಮ್ಮ ಮಾನ ಹೋದ ಮ್ಯಾಲ ಇವನದೊಂದ ಯಾಕ ಉಳೀಬೇಕು?"

ಸಂಗಣ್ಣ ಕೆಮ್ಮು ನಿಲ್ಲಿಸಿ ಕೈಮುಗಿದ. "ಊರ ಹುಡುಗಂದು ಲಗ್ನ ಆಗ್ಲಿ ಅಂತ ಕೊಟ್ಟೇನ್ರಿ ಸಾಹೇಬ್ರ, ತಪ್ಪಾ? ನನ್ನ ಬೋರಿನ ಸುದ್ದಿ ಮಾತ್ರ ಹೊರಗ ಬಿಡಬ್ಯಾಡ್ರಿ. ನೀರ ಅದಾವು ಅಂತ ಗೊತ್ತಾದ್ರ ನಮ್ಮ ಅಣ್ಣತಮ್ಮರು ನಾಳೇನ ಬಾಜೂಕ ಬೋರ್ ಹೊಡಿಯೂ ಮಷಿನ್ ತಂದ ನಿಂದರಸ್ತಾರ."

ಕೆಸರು ಒಣಗುತ್ತ ಬಂದ ಪ್ಯಾಂಟಿನಲ್ಲಿ ಮಲಕಾರಿ ಜೀಪು ಹತ್ತಿದ. ಹೆಣ್ಣಿನ ಕಡೆಯವರಲ್ಲ ಎಂದು ಖಾತ್ರಿಯಾದ ಮೇಲೂ ಪರಸವ್ವ ಉಳಿದ ಲಾಡುಗಳನ್ನು ಕಟ್ಟಿ ಕೊಟ್ಟಿದ್ದಳು, "ಎಲ್ಯಾರ ಚಲೋ ಹುಡುಗಿ ಇದ್ರ ಹೇಳ್ರಿ" ಎಂಬ ಮಾತಿನೊಂದಿಗೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನಿಂದ ಆಗಲಿಲ್ಲ.

ಚಾಚಾ ಲಾಡು ಮುರಿಯುತ್ತ ನಕ್ಕ. "ಇದು ಊರಿಗೇ ಗೊತ್ತಿದ್ದ ಲೆಕ್ಕ ಸಾಹೇಬ್ರ. ಮಗ ಲಗ್ನಕ್ಕ ಬಂದ್ರ ಬೋರಿಗೆ ನೀರ ಬರ್ತಾವು. ಲಗ್ನ ಆತಂದ್ರ ಒಣಗತೈತಿ."

ಮಲಕಾರಿ "ಜೀಪ್ ನಿಂದರಸು ಚಾಚಾ!" ಎಂದು ಕೂಗಿದ. ಎರಡು ವರ್ಷ ಅವನು ಕಟ್ಟಿದ್ದು ನೆಲದಡಿಯ ನೀರಿನ ಚಿತ್ರವೇ ಅಲ್ಲ. ಎಲ್ಲೆಲ್ಲಿ ಮದುವೆಯಾಗದ ಗಂಡುಗಳಿದ್ದಾರೋ ಅಲ್ಲೆಲ್ಲ ಅದು ನೀಲಿಯಾಗಿತ್ತು! ಹೌದಲ್ಲ, ತನ್ನ ಲಗ್ನದಲ್ಲೂ ಮಾವ ಬಬಲೇಶ್ವರದ ತಮ್ಮ ಹೊಲಕ್ಕೆ ಬಂದು ಬೋರಿಗೆ ಕಿವಿಕೊಟ್ಟು ನಿಂತಿದ್ದ. ಲಗ್ನವಾದ ವಾರದಲ್ಲೇ ಹೆಂಡತಿ ಖಾಲಿ ಕೊಡ ಹಿಡಿದು ಅವನನ್ನು ನೋಡಿದ ನೋಟ ಈಗ ಅರ್ಥವಾಯಿತು.

ಟಿಕೋಟಾದ ಚಹಾ ಅಂಗಡಿಯಲ್ಲಿ ಮಲಕಾರಿ ಲ್ಯಾಪ್‌ಟಾಪ್ ಬಿಚ್ಚಿ ಕೂತ. ಒಂದೊಂದೇ ಬೋರಿನ ಹೆಸರು ಕೂಗಿದ. ಚಾಚಾ ಉತ್ತರ ಕೊಟ್ಟ.

"ಕನಮಡಿ, ಗುರುಬಾಯಿ?"

"ಎರಡ ಗಂಡು. ಇಬ್ಬರದೂ ಆಗಿಲ್ಲ."

"ನೀರು ತಗದೆ. ಅದರ ಬಾಜೂಕ ರೇವಣಸಿದ್ಧ?"

"ಮೊಮ್ಮಗನ ಜವಳಾ ಸೈತ ಆತು."

"ಹಂಗಾರ ಅವನೂ ಸಂಗಣ್ಣನ ಹಾಂಗ ಒಣಾ ಅಂತ ಸುಳ್ಳ ಹೇಳ್ಯಾನ. ಅವನ ಬೋರಿಗೆ ನೀರು ಹಾಕಿದೆ!"

ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಚಾಚಾ ಬೀಡಿ ತರಲು ಎದ್ದುಹೋದಾಗ ಅವನ ಜಾಗ ತುಂಬಲು ಹತ್ತು ಬಾಯಿಗಳು ತಯಾರಿದ್ದವು. ಯಾರ ಮಗನಿಗೆ ಎಷ್ಟು ಹೆಣ್ಣು ತಿರುಗಿ ಹೋದವು, ಯಾರು ಟ್ಯಾಂಕರ್ ಸುರಿಸಿ ಸೊಸೆ ತಂದರು, ನಗೆಯೋ ನಗೆ. ಕೊನೆಗೆ ಮಲಕಾರಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಬಿಜ್ಜರಗಿಯ ಗುಡ್ಡ ಮೆಲ್ಲಗೆ ಕುಸಿದು ಮಲಗಿತು. ಉಬ್ಬುತಗ್ಗುಗಳೆಲ್ಲ ಸಪಾಟಾದವು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಕಡೆಗಣಿಸಿದ್ದ ಸರಳಿನ ಸಮೀಕ್ಷೆಯೂ ಬೋರುಗಳ ಲೆಕ್ಕವೂ ಮೊದಲ ಬಾರಿಗೆ ಒಂದಕ್ಕೊಂದು ಕೂಡಿದವು. ಕಬ್ಬಿಣ ಮೊದಲಿನಿಂದಲೂ ನಿಜವನ್ನೇ ಹೇಳಿತ್ತು. ಮಲಕಾರಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು, ಅಂಗಡಿಯವರಿಗೆಲ್ಲ ಚಹಾ ಹೇಳಿದ.

ಸಂಜೆ ನಜಮಾ ಮೇಡಮ್ ಹೊಸ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹೇಗೆ ಸರಿಹೋಯಿತು ಎಂದು ಮಲಕಾರಿ ಹೇಳಿದಾಗ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಶಾಭಾಶ್ ಮಲಕಾರಿಯವರ! ಎಷ್ಟ ಮಂದಿ ಓದಿದ್ರೂ ಇದು ತಿಳೀತಿರಲಿಲ್ಲ. ಕೂಡ್ರಿ, ಆ ಕುರ್ಚಿ ಮ್ಯಾಲ ಕೂಡ್ರಿ. ನಾಳಿಂದ ಅದು ನಿಮ್ದು."

ಮಲಕಾರಿ ಫ್ಯಾನಿನ ಕೆಳಗೆ ಕೂತ. ಕೆಸರು ಹಿಡಿದ ಕಾಲಿನಿಂದ ನೆತ್ತಿಯವರೆಗೆ ತಂಪು ಹರಿಯಿತು. ಇಷ್ಟು ಸುಖ ಈ ಭೂಮಿಯ ಮೇಲೆ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಮೇಡಮ್ ಚಿತ್ರವನ್ನು ಇನ್ನೊಮ್ಮೆ ತಿರುಗಿಸಿದರು. ಟಿಕೋಟಾದ ಹತ್ತಿರ ಅವರ ಬೆರಳು ನಿಂತಿತು.

"ಇಲ್ಲಿ ಒಂದ ಬೋರ್ ಮುಂಜಾನೆ ನೀಲಿ ಇತ್ತಲ್ಲರಿ?"

"ಇತ್ರಿ ಮೇಡಮ್. ಉಮರ ಅಂತ ಯಾರೋ ಅದಾರಂತ. ವಯಸ್ಸ ಮೀರಾಕತ್ತೈತಿ, ಇನ್ನೂ ಲಗ್ನ ಆಗಿಲ್ಲ ಅಂತ ಚಹಾ ಅಂಗಡ್ಯಾಗ ಹೇಳಿದ್ರು. ಪಕ್ಕಾ ಸುಳ್ಳ ನೀರು ಅಂತ ತಗದ ಒಗದೇನ್ರಿ."

ಬಾಗಿಲಲ್ಲಿ ನಿಂತಿದ್ದ ಫಕ್ರುದ್ದೀನ ಚಾಚಾ ನಾಲಿಗೆ ಕಚ್ಚಿಕೊಂಡು ಮೆಲ್ಲಗೆ ಹೊರಗೆ ಸರಿದ.

"ಉಮರ ನಮ್ಮ ತಮ್ಮ," ಎಂದರು ಮೇಡಮ್.

ಮಲಕಾರಿ ಕುರ್ಚಿಯಿಂದ ಅರ್ಧ ಎದ್ದ.

"ತಮ್ಮಗ ಭಾಳ ಚಲೋ ಸಂಬಂಧ ಬಂದೈತ್ರಿ. ಹುಡುಗಿ ಕಾಕಾ ಭಾಳ ಶಿಸ್ತಿನ ಮನಷ್ಯಾ. ಬೋರ್ ಕಣ್ಣಾರೆ ನೋಡದ ಮಾತ ಮುಂದುವರಸಂಗಿಲ್ಲ ಅಂತ ಕುಂತಾರ." ಮೇಡಮ್ ಧ್ವನಿ ಇಳಿಸಿದರು. "ನಾಳೆ ಕಲಬುರಗಿಯಿಂದ ಬರೂ ತಜ್ಞರೊಳಗ ಅವರೂ ಒಬ್ಬರು."

"ಮೇಡಮ್, ಅವರು ಈ ಚಿತ್ರ ನೋಡ್ತಾರ್ರಿ!"

"ಅದಕ್ಕ ಹೇಳಾಕತ್ತೇನಿ. ಅಲ್ಲೊಂದ ಸಣ್ಣ ಗುಡ್ಡ ಇರ್ಲಿ."

"ನೀರು ಗುಡ್ಡ ಹ್ಯಾಂಗ ಹತ್ತ್ಯಾವು ಅಂತ ಕೇಳಿದ್ರ?"

"ಕೇಳ್ತಾರ, ತಜ್ಞರಲ್ಲ. ಇಡೀ ಸೀಮಿ ಮತ್ತೊಮ್ಮೆ ಅಳೀತೇವಿ, ಮಲಕಾರಿಯವರು ಸೋಮವಾರದಿಂದಲೇ ಹೊಂಟಾರ ಅಂತ ಹೇಳ್ತೇನಿ. ಅಷ್ಟರಾಗ ನಿಕಾ ಮುಗದಿರ್ತೈತಿ."

ಮಲಕಾರಿ ಫ್ಯಾನಿನ ಕೆಳಗಿನಿಂದ ಎದ್ದು ಕಂಪ್ಯೂಟರಿನ ಮುಂದೆ ಬಂದು ಕೂತು ಗುಂಡಿ ಒತ್ತಿದ. ಟಿಕೋಟಾದ ನೆಲದಡಿ ನೀಲಿ ನೀರು ಹೊರಳಿ, ಉಬ್ಬಿ, ಎದ್ದು ಕೂತಿತು. ನಜಮಾ ಮೇಡಮ್ ಕನ್ನಡಕ ಒರೆಸಿ ಹಾಕಿಕೊಂಡು ಬಗ್ಗಿ ನೋಡಿದರು.

"ಇಷ್ಟ ಸಣ್ಣದಾದ್ರ ಅವರ ಕಣ್ಣಿಗೆ ಬೀಳಂಗಿಲ್ಲ," ಎಂದರು. "ಇನ್ನೊಂದೀಟ ಎತ್ತರ ಮಾಡ್ರಿ."