ನಾನು ಫಾರ್ವರ್ಡ್ ಮಾಡಿದ ಭಾನುವಾರದ ಪತ್ರ

ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಊರಿನವರ ಕಾಗದ ಹಂಚಿದವನು ನಾನು. ನಿವೃತ್ತನಾದ ಮಾತ್ರಕ್ಕೆ ಕೈ ಕಟ್ಟಿ ಕೂರುವುದುಂಟೇ? ಜಯನಗರದ ನಮ್ಮ ಹಳೇ ಸ್ಕೂಲಿನ ನಲವತ್ತು ಜನ ಸೇರಿ ಒಂದು ಈಮೇಲ್ ಗುಂಪು ಮಾಡಿಕೊಂಡಿದ್ದೇವೆ. ಆ ನಲವತ್ತೂ ಜನಕ್ಕೆ ನಮ್ಮ ಬಾಲ್ಯದ ಜಯನಗರವನ್ನು ವಾಪಸು ತಲುಪಿಸಿಯೇ ಸಿದ್ಧ ಎಂದು ಪಣ ತೊಟ್ಟೆ!

ಅದಕ್ಕೆ ಸಾಧನವೂ ಸಿಕ್ಕಿತು. ‘ಹಳೇ ಬ್ಲಾಕು’ ಎಂಬ ವಾರಪತ್ರ. ಹೇಮಶ್ರೀ ಎಂಬ ಹುಡುಗಿ ಅದನ್ನು ಪ್ರತಿ ಭಾನುವಾರ ಬೆಳಿಗ್ಗೆ ಈಮೇಲಿನಲ್ಲಿ ಕಳಿಸುತ್ತಾಳೆ. ನಾವು ತರಕಾರಿ ತರುತ್ತಿದ್ದ ಶಾಪಿಂಗ್ ಕಾಂಪ್ಲೆಕ್ಸಿನ ಹಳೆಯ ಫೋಟೋ, ಸೈಕಲ್ ಬಿಟ್ಟರೆ ಬೇರೇನೂ ಇಲ್ಲದ ರಸ್ತೆ, ಪ್ರತಿ ಮನೆಯ ಮುಂದೂ ಒಂದು ಸಂಪಿಗೆ ಮರ... ನನಗೆ ಬಂದದ್ದೇ ತಡ, ತಲೆಯಿಂದ ಬುಡದವರೆಗೆ ಇದ್ದದ್ದು ಇದ್ದಂತೆ ಗುಂಪಿಗೆ ಫಾರ್ವರ್ಡ್!

“ರೀ, ಅವ್ರಿಗೆಲ್ಲ ಬೇಕೋ ಬೇಡ್ವೋ ಒಂದ್ಮಾತು ಕೇಳಿದ್ರಾ?” ಎಂದಳು ನನ್ನ ಹೆಂಡತಿ ಸೀತಾಲಕ್ಷ್ಮಿ.

“ಪೋಸ್ಟ್‌ಮ್ಯಾನ್ ಎಲ್ಲಾದ್ರೂ ಕಾಗದ ಬೇಕಾ ಅಂತ ಕೇಳ್ತಾನೇನೇ?”

ಹುಮ್ಮಸ್ಸು ಏರಿ ನಾನೂ ಒಂದು ಬರಹ ಬರೆದು ಹೇಮಶ್ರೀಗೆ ಕಳಿಸಿದೆ. ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಅಮ್ಮನ ಚೀಲ ಹರಿದು ಅವರೆಕಾಯಿ ಚೆಲ್ಲಾಪಿಲ್ಲಿಯಾದ ಕಥೆ. ಕಂಡವರೆಲ್ಲ ಬಗ್ಗಿ ಬಗ್ಗಿ ಆರಿಸಿ ಅಮ್ಮನ ಸೆರಗಿಗೆ ತುಂಬಿದ್ದರು. “ಅಂಕಲ್, ಸಖತ್ತಾಗಿದೆ! ಈ ಭಾನುವಾರ ಹಾಕ್ತೀನಿ” ಎಂದು ಉತ್ತರ ಬಂತು. ಅರವತ್ತೇಳು ವರ್ಷದಲ್ಲಿ ಮೊದಲ ಸಲ ನನ್ನ ಬರಹ ನಾಲ್ಕು ಜನರ ಮುಂದೆ ಬರುವುದಿತ್ತು. ವಾರವೆಲ್ಲ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಭಾನುವಾರ ಆರಕ್ಕೇ ಎದ್ದು ಕೂತೆ. ಪತ್ರ ಬರಲಿಲ್ಲ. ಏಳಾಯಿತು, ಎಂಟಾಯಿತು, ಕಾಫಿ ಆರಿಹೋಯಿತು. ತಡೆಯಲಾರದೆ ಹೇಮಶ್ರೀಗೇ ಫೋನ್ ಮಾಡಿದೆ.

“ಏನಮ್ಮಾ, ಪತ್ರಾನೇ ಬಂದಿಲ್ವಲ್ಲ!”

“ಅಂಕಲ್, ನೀವೇ ತಾನೇ ಬೇಡ ಅಂದಿದ್ದು? ಈ ವಾರದಲ್ಲಿ ಹನ್ನೊಂದು ಸಲ ಬೇಡ ಅಂದಿದ್ದೀರ!”

“ನಾನಾ? ಪ್ರಾಣ ಹೋದ್ರೂ ಅನ್ನಲ್ಲಮ್ಮ!”

“ಕೊನೇಲಿ ‘ಈ ಪತ್ರ ಬೇಡವೇ? ಇಲ್ಲಿ ಒತ್ತಿ’ ಅಂತ ಒಂದು ಸಾಲು ಇರತ್ತಲ್ಲ, ನಿಮಗೆ ಬರೋ ಪತ್ರದಲ್ಲಿ ಅದು ನಿಮ್ಮ ಹೆಸರಿಗೇ ಇರೋದು. ಫಾರ್ವರ್ಡ್ ಮಾಡೋ ಮುಂಚೆ ಅಳಿಸ್ಬೇಕು ಅಂಕಲ್. ಇಲ್ದಿದ್ರೆ ಯಾರು ಒತ್ತಿದ್ರೂ ಆಚೆ ಹೋಗೋದು ನೀವೇ!”

ಇವತ್ತಿನದನ್ನು ಮತ್ತೆ ಕಳಿಸಮ್ಮಾ ಎನ್ನಲು ನಾಚಿಕೆಯಾಗಿ ಫೋನ್ ಇಟ್ಟುಬಿಟ್ಟೆ. ನಾಚಿಕೆ ಸಿಟ್ಟಿಗೆ ತಿರುಗಲು ಎಷ್ಟು ಹೊತ್ತು? ಸ್ಕೂಲಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದ ಗುಂಡಣ್ಣನಿಗೆ ಫೋನ್ ಹಚ್ಚಿದೆ.

“ಲೋ ಗುಂಡಾ, ಪತ್ರ ಬೇಡ ಅಂತ ಒತ್ತಿದ್ಯೇನೋ?”

“ಒತ್ತಿದೆ ಕಣೋ. ನೀನು ಮೊದಲ್ನೇ ಸಲ ಕಳಿಸ್ದಾಗ್ಲೇ ಇಷ್ಟ ಆಗಿ ನಾವೆಲ್ಲಾ ನೇರವಾಗಿ ತರಿಸ್ಕೊಳಕ್ಕೆ ಶುರು ಮಾಡಿದ್ವಿ. ನಿಂದೂ ಸೇರಿ ಎರಡೆರಡು ಬರೋದು. ಬಾಯ್ಬಿಟ್ಟು ಹೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ ಸದ್ದಿಲ್ದೆ ಒತ್ತಿದ್ವಿ.” ಆಮೇಲೆ ಅವನ ದನಿ ಮೆತ್ತಗಾಯಿತು. “ಅವರೆಕಾಯಿ ಓದಿದೆ ಕಣೋ. ನಿಮ್ಮಮ್ಮ ಕಣ್ಮುಂದೆ ಬಂದ್ಬಿಟ್ರು.”

ಅಯ್ಯೋ ಶಿವನೇ! ಊರೆಲ್ಲ ಓದಿ ಆಗಿದೆ, ಬರೆದವನಿಗೊಬ್ಬನಿಗೆ ಮಾತ್ರ ಇಲ್ಲ!

ಹೇಳಿಕೊಳ್ಳೋಣವೆಂದು ಅಡುಗೆಮನೆಗೆ ಹೋದರೆ ಸೀತಾಲಕ್ಷ್ಮಿ ಮೊಬೈಲ್ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅವಳಿಗೂ ಪತ್ರ ನೇರವಾಗಿ ಬರುತ್ತದಂತೆ! ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿದಳು. “ಮನೆಗೆ ಬಂದು ಸುರಿದರೆ ಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ಯಾರೋ ತಮ್ಮ ಚೀಲದ್ದನ್ನೂ ನಮ್ಮದರಲ್ಲಿ ಸೇರಿಸಿದ್ದರು...” ನಾನೇ ಬರೆದದ್ದು, ನನಗೇ ಅಳು ಬಂತು. ಅಮ್ಮನನ್ನು ಒಂದು ಸಲ ನೋಡಬೇಕೆನಿಸಿತು.

“ನಂಗೂ ಅದನ್ನ ಫಾರ್ವರ್ಡ್ ಮಾಡೇ” ಎಂದೆ, ಮೂಗು ಒರೆಸಿಕೊಳ್ಳುತ್ತಾ.

“ತಾಳಿ, ಕೊನೇ ಸಾಲು ಅಳಿಸಿ ಕಳಿಸ್ತೀನಿ. ನೀವೇನಾದ್ರೂ ಒತ್ತಿ ನನ್ನನ್ನೂ ಆಚೆ ಹಾಕಿದ್ರೆ, ಮುಂದಿನ ಭಾನುವಾರ ಈ ಮನೆಗೆ ಪತ್ರ ಹಂಚೋರು ಯಾರು?”