ಕೆಟ್ಟು ನಿಂತ ಅಂತರಿಕ್ಷ ನೌಕೆ

ಅಂತರಿಕ್ಷ ನೌಕೆಯ ಕ್ಯಾಪ್ಟನ್ನರಿಗೂ ರೈಲ್ವೆಯವರ ಹಾಗೆ ವರ್ಗಾವಣೆ ಆಗುತ್ತದೆ ಎಂದು ಬೀರಲಿಂಗ ಸಣ್ಣವನಿದ್ದಾಗ ನಂಬಿದ್ದ.

ಇದರಲ್ಲಿ ಹುಡುಗನ ತಪ್ಪೇನೂ ಇರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಈ ಲೋಕದಲ್ಲಿ ಖಾತ್ರಿಯಾದ ಸಂಗತಿಗಳು ಎರಡೇ: ಒಂದು ಸಾವು, ಇನ್ನೊಂದು ವರ್ಗ. ಮಗ್ಗುಲ ಮನೆಯ ಝಾನ್ಸಿಯವರು ಗಂಟುಮೂಟೆ ಕಟ್ಟಿದರೆ ಅದೇ ಮನೆಗೆ ಭೋಪಾಳದವರು ಬರುತ್ತಿದ್ದರು. ಮನೆಗಳಲ್ಲಿ ಮಂದಿ ಬದಲಾಗುತ್ತಿದ್ದರು. ಓಣಿಗೆಲ್ಲ ಇದ್ದ ಒಂದೇ ನಳ ಮತ್ತು ಅದರ ಮುಂದಿನ ಜಗಳ ಮಾತ್ರ ಶಾಶ್ವತ. ಹೀಗಿರುವಾಗ ರವಿವಾರ ಮುಂಜಾನೆ ಟೀವಿಯಲ್ಲಿ ಬರುತ್ತಿದ್ದ ‘ನಕ್ಷತ್ರ ಪಹರೆ’ಯ ಮೊದಲ ಸರಣಿ ಮುಗಿದು ಎರಡನೆಯದು ಶುರುವಾಯಿತು. ನೌಕೆ ಬೇರೆ, ಕ್ಯಾಪ್ಟನ್ನೂ ಬೇರೆ. ಹುಡುಗ ಕಂಗಾಲಾಗಿ, ಗಡ್ಡ ಹೆರೆದುಕೊಳ್ಳುತ್ತಿದ್ದ ಅಪ್ಪ ಯಮನಪ್ಪನನ್ನು ಕೇಳಿದ:

“ಅಪ್ಪಾ, ಆ ಮೀಸಿ ಕ್ಯಾಪ್ಟನ್ ಎಲ್ಲಿ ಹೋದ?”

ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಯಮನಪ್ಪ ಕನ್ನಡಿಯಿಂದ ಕಣ್ಣು ಕೀಳದೆ, “ಗುಂತಕಲ್ಲಿಗೆ ವರ್ಗ ಆತು” ಎಂದ.

ಆಮೇಲೆ ಎಷ್ಟೋ ಕಾಲ ಬೀರಲಿಂಗ ಸ್ಟೇಶನ್ನಿಗೆ ಹೋದಾಗಲೆಲ್ಲ ಗುಂತಕಲ್ಲಿನ ಗಾಡಿ ಬಂದರೆ ಪ್ರತಿ ಕಿಟಕಿಯಲ್ಲೂ ಇಣುಕುತ್ತಿದ್ದ. ಮೀಸೆಯವರು ಬೇಕಾದಷ್ಟು ಜನ ಸಿಕ್ಕರು. ಅವರಲ್ಲಿ ಒಬ್ಬರಿಗೂ ಅಂತರಿಕ್ಷದ ಅನುಭವ ಇರಲಿಲ್ಲ.

ಹುಡುಗ ದೊಡ್ಡವನಾದ. ಯಮನಪ್ಪ ಯಾವ ಡಿವಿಜನ್ನಿಗೂ ಮರಳಿ ಬರಲಾಗದ ಊರಿಗೆ ವರ್ಗವಾಗಿ ಹೋದ. ಎರಡು ಸಾವಿರದ ನಾಲ್ಕನೆಯ ಇಸವಿಯ ಹೊತ್ತಿಗೆ ಬೀರಲಿಂಗ ಹುಬ್ಬಳ್ಳಿ ದೇಶಪಾಂಡೆ ನಗರದ ಬೈಕ್ ಶೋರೂಮಿನಲ್ಲಿ ಬಿಡಿಭಾಗಗಳ ಕೌಂಟರ್ ಕಾಯುವ ಸಂಬಳಗಾರನಾಗಿ, ಧಾರವಾಡದ ಸಪ್ತಾಪುರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ ಹಿಡಿದಿದ್ದ. (ದಿನವಿಡೀ ಊರ ಮಂದಿಯ ಬೈಕಿಗೆಲ್ಲ ಬಿಡಿಭಾಗ ಕೊಟ್ಟು ಸಂಜೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಮನೆಗೆ ಬರುತ್ತಿದ್ದ. ಸ್ವಂತಕ್ಕೆ ಅವನಲ್ಲಿದ್ದ ವಾಹನದ ಭಾಗವೆಂದರೆ ಕೀಲಿ ಗೊಂಚಲು ಮಾತ್ರ.)

ಮನೆಯಲ್ಲಿ ಹೆಂಡತಿ ದುರ್ಗಾ, ಮದುವೆಯಾಗಿ ವರ್ಷವಾಗಿತ್ತು. ಗಂಡ ಹೋದ ಮೇಲೆ ತವರೂರು ಗರಗಕ್ಕೆ ಮರಳಿ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದ ತಾಯಿ ಹನುಮವ್ವನನ್ನು ಮೊಣಕಾಲು ನೋವು ಮಗನ ಮನೆಗೆ ಕರೆತಂದಿತ್ತು. ಅತ್ತೆ-ಸೊಸೆ ಜಗಳವಾಡುತ್ತಿರಲಿಲ್ಲ. ಅದೇ ತೊಂದರೆ. ಜಗಳವಾದರೆ ಬಿಡಿಸಬಹುದು; ಇಲ್ಲಿ ಮಾತೇ ಇರಲಿಲ್ಲ. ಮೂವರೂ ಒಂದೇ ಅಡಿಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ನಿಂತಿದ್ದರೂ ಸುದ್ದಿ ಬೀರಲಿಂಗನ ಮೂಲಕವೇ ಸಾಗಬೇಕು.

“ಬೀರಾ, ನಿನ್ನ ಹೇಂತಿಗೆ ಹೇಳು, ಜ್ವಾಳದ ಹಿಟ್ಟ ಮುಗದೈತಿ ಅಂತ.”

“ನಿಮ್ಮ ಅವ್ವಾರಿಗೆ ಹೇಳ್ರಿ, ಡಬ್ಬಿ ಹಿಂದ ಇನ್ನೊಂದ ಡಬ್ಬಿ ಐತಿ ಅಂತ.”

“ಅದನ್ನ ಹಿಂದ ಇಟ್ಟಾವ್ರು ಯಾರಂತ ಕೇಳು.”

ಸಪ್ತಾಪುರದ ಟೆಲಿಫೋನ್ ಎಕ್ಸ್‌ಚೇಂಜ್ ತಾನಲ್ಲ, ಅದು ಬೇರೆ ಕಡೆ ಇದೆ ಎಂದು ಯಾರಾದರೂ ಹೇಳಿದರೆ ಬೀರಲಿಂಗ ನಂಬುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ಅವನಿಗಿದ್ದ ಒಂದೇ ವಿಶ್ರಾಂತಿ ಸಂಜೆಯ ‘ನಕ್ಷತ್ರ ಪಹರೆ’. ಈಗ ಅದು ಕೇಬಲ್ಲಿನಲ್ಲಿ ಹಿಂದಿಯಲ್ಲಿ ಬರುತ್ತಿತ್ತು. ಮೂರು ಸರಣಿಗಳನ್ನು ಅವನು ಮತ್ತೆ ಮತ್ತೆ ನೋಡಿ ಧನ್ಯನಾಗಿದ್ದ. ಅಷ್ಟರಲ್ಲಿ ನಾಲ್ಕನೆಯದು ಬಂತು. ಬಂದ ಮೊದಲ ಕಂತಿನಲ್ಲೇ ನೌಕೆಯ ಎಂಜಿನ್ ಕೆಟ್ಟಿತು. ಸತ್ತ ಚಂದ್ರನೊಂದರ ಪಕ್ಕ ನೌಕೆ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು!

ಮುಂದಿನ ಕಂತಿನಲ್ಲಿ ಹೊರಟೀತು ಎಂದು ಬೀರಲಿಂಗ ಕಾದ. ಹೊರಡಲಿಲ್ಲ. ಹೊಸ ಗ್ರಹವಿಲ್ಲ, ಯುದ್ಧವಿಲ್ಲ, ಹಸಿರು ಮುಖದವರಿಲ್ಲ. ನೌಕೆಯೊಳಗಿನ ಮಂದಿ ನೀರು ಯಾರು ಎಷ್ಟು ಬಳಸಬೇಕು, ಒಲೆ ಯಾರು ಮೊದಲು ಹಚ್ಚಬೇಕು, ಯಾರ ಹಾಸಿಗೆ ಎಲ್ಲಿ ಎಂದು ಕಚ್ಚಾಡುತ್ತಿದ್ದರು. ಅದರಲ್ಲೂ ಬಿಳಿಗೂದಲಿನ ಹಿರಿಯ ಎಂಜಿನಿಯರ್ ಹೆಂಗಸಿಗೂ ಹೊಸದಾಗಿ ಬಂದ ಡಾಕ್ಟರಬಾಯಿಗೂ ಒಂದೇ ಕೋಣೆ. ಇಬ್ಬರದೂ ದಿನಾ ಕಿರಿಕಿರಿ.

“ಇದನ್ನ ನೋಡಾಕ ಅಂತರಿಕ್ಷಕ್ಕ ಯಾಕ ಹೋಗಬೇಕಲೇ!” ಎಂದು ಬೀರಲಿಂಗ ಹಲ್ಲು ಕಡಿದ. ಫಿಟ್ಟರನ ಮಗನ ರಕ್ತ ಬೇರೆ ಕುದಿಯುತ್ತಿತ್ತು. ಎಂಥೆಂಥ ಎಂಜಿನ್ನುಗಳು ಅಪ್ಪನ ವರ್ಕ್‌ಶಾಪಿಗೆ ಅಳುತ್ತ ಬಂದು ಸೀಟಿ ಹೊಡೆಯುತ್ತ ಹೋಗಿದ್ದವು. ಇವರಿಗೆ ಒಂದು ರಿಪೇರಿ ಆಗಲೊಲ್ಲದು!

ದುಃಖದ ಮೇಲೆ ದುಃಖವೆಂದರೆ, ಟೀವಿ ಕಂಡರೆ ಮುಖ ತಿರುಗಿಸುತ್ತಿದ್ದ ಅತ್ತೆ-ಸೊಸೆ ಇಬ್ಬರಿಗೂ ಈ ದರಿದ್ರ ಸರಣಿಯೇ ಹಿಡಿಸಿತು. ಹನುಮವ್ವ ಬತ್ತಿ ಹೊಸೆಯುವ ಹತ್ತಿ ಹಿಡಿದು ಮುಂದೆ ಕೂತಳು. “ಇವರು ಏನಂತಾರ? ನಾ ಗರಗದಾಕಿ, ನನಗ ಹಿಂದಿ ಎಲ್ಲಿ ಬರಬೇಕು?” ಎಂದು ಗೋಡೆಗೆ ಹೇಳಿದಂತೆ ಹೇಳಿದಳು. ಸಾಲಿಯಲ್ಲಿ ಹಿಂದಿ ಪರೀಕ್ಷೆ ಕಟ್ಟಿ ಪಾಸಾಗಿದ್ದ ದುರ್ಗಾ, ಮೂರನೆಯವರ ಸಹಾಯವಿಲ್ಲದೆ, ನೇರವಾಗಿ ಅತ್ತೆಗೆ ಹೇಳತೊಡಗಿದಳು. ಎಕ್ಸ್‌ಚೇಂಜಿನ ವ್ಯಾಪಾರ ಅಂದಿನಿಂದ ಬಿತ್ತು. ಆದರೆ ಎಕ್ಸ್‌ಚೇಂಜಿಗೆ ಅದು ತಿಳಿಯಲಿಲ್ಲ. ಅದು ಅನುವಾದದ ತಪ್ಪು ಹುಡುಕುವುದರಲ್ಲಿ ತೊಡಗಿತ್ತು.

ತಪ್ಪುಗಳೆಂದರೆ ಅಂಥಿಂಥವಲ್ಲ. ತೆರೆಯ ಮೇಲೆ ಡಾಕ್ಟರಬಾಯಿ, ಈ ಚಂದ್ರನ ಗಾಳಿಯಲ್ಲಿ ವಿಷವಿದೆ ಎಂದು ಸ್ಪಷ್ಟ ಹಿಂದಿಯಲ್ಲಿ ಎಚ್ಚರಿಸುತ್ತಾಳೆ. ದುರ್ಗಾ ಕಣ್ಣು ಮಿಟುಕಿಸದೆ ಹೇಳುತ್ತಾಳೆ:

“ಡಾಕ್ಟರಬಾಯಿ ಅನ್ನಾಕತ್ತಾಳ್ರಿ ಅತ್ತಿ, ನಸುಕಿನ್ಯಾಗ ಎದ್ದು ಪಾತ್ರಿ ಸಪ್ಪಳ ಮಾಡಿದ್ರ ಉಳದವ್ರಿಗೆ ನಿದ್ದಿ ಆಗೂದಿಲ್ಲಂತ.”

“ಹಂಗಂದ್ಲ?” ಹನುಮವ್ವ ಬತ್ತಿಯೊಂದನ್ನು ಬಿಗಿಯಾಗಿ ಹೊಸೆದಳು. “ಆ ಮುದಕಿಗೆ ಮೊಣಕಾಲ ಸೆಳತ ಇರಬೇಕವಾ. ನಿದ್ದಿ ಬರದಿದ್ರ ಏನ್ ಮಾಡ್ತಾಳ? ಪಾತ್ರಿ ತೊಳೀತಾಳ.”

“ಯವ್ವಾ, ಪಾತ್ರಿ ಎಲ್ಲಿ ಬಂತು! ಗಾಳ್ಯಾಗ ವಿಷ ಐತಿ ಅಂದ್ಲಕಿ!” ಬೀರಲಿಂಗ ಚೀರಿದ.

“ನಡಕ ಬಾಯಿ ಹಾಕೂದ ಬ್ಯಾಡ. ಗಂಡಸರಿಗೆ ತಿಳೀದ ವಿಷಯ” ಎಂದರು. ಇಬ್ಬರೂ, ಒಂದೇ ಉಸಿರಿನಲ್ಲಿ.

ಮರುದಿನ ನಸುಕಿನಲ್ಲಿ ಪಾತ್ರೆಯ ಸಪ್ಪಳ ಕೇಳಲಿಲ್ಲ. ಹನುಮವ್ವನ ತಲೆದಿಂಬಿನ ಪಕ್ಕ ನೋವಿನ ಎಣ್ಣೆಯ ಬಾಟಲಿ ಬಂದು ಕೂತಿತ್ತು. ಬೀರಲಿಂಗ ಇವೆರಡನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇನ್ನೂ ಒಂದು ಸಂಗತಿ ಕಂಡೂ ತಿಳಿಯಲಿಲ್ಲ: ತೆರೆಯ ಮೇಲೆ ಯಾರಾದರೂ ಚೇಷ್ಟೆ ಮಾಡಿದರೆ ಹನುಮವ್ವ ಒಮ್ಮೊಮ್ಮೆ ದುರ್ಗಾ ಹೇಳುವ ಮೊದಲೇ ನಕ್ಕುಬಿಡುತ್ತಿದ್ದಳು. ಅದನ್ನವನು ವಯಸ್ಸಿನ ಮೇಲೆ ಹಾಕಿ ಸುಮ್ಮನಾದ.

ಕಡೆಗೆ ಅವನಿಗೊಂದು ದಿವ್ಯವಾದ ಯುಕ್ತಿ ಹೊಳೆಯಿತು. (ಬಸ್ಸಿನಲ್ಲಿ ಯಾರೋ ಅವನ ಕಾಲು ತುಳಿದ ಕ್ಷಣದಲ್ಲಿ ಹೊಳೆದದ್ದು. ಆಗಲೇ ಅಪಶಕುನವೆಂದು ತಿಳಿಯಬೇಕಿತ್ತು.) ಸಪ್ತಾಪುರದ ಕೇಬಲ್ ನಡೆಸುತ್ತಿದ್ದವನು ನವಾಜ, ಕ್ವಾರ್ಟರ್ಸಿನ ಕಾಲದ ಗೆಳೆಯ, ಹನುಮವ್ವನ ಕೈರೊಟ್ಟಿ ತಿಂದು ಬೆಳೆದವ. ಬೀರಲಿಂಗ ನೇರ ಅವನ ಅಂಗಡಿಗೆ ಹೋದ.

“ನವಾಜ, ಆ ಚಾನೆಲ್ಲ ಬಂದ್ ಮಾಡಲೇ. ಕ್ರಿಕೆಟ್ಟೋ ಕುಸ್ತಿಯೋ ಏನರ ಹಾಕು.”

“ಹುಚ್ಚ ಹಿಡದೈತೇನ? ನೀನ ಅಲ್ಲೇನು ಅದನ್ನ ಹಾಕು ಹಾಕು ಅಂತ ನನ್ನ ಜೀವಾ ತಿಂದಾವ?”

“ಅದು ಮೂರನೇ ಸರಣಿತನಕ. ಇದು ನಾಕನೇದು. ಇದರಾಗ ನೌಕೆ ಹೋಗೂದ ಇಲ್ಲೋ ಮಾರಾಯಾ.”

“ಹೋಗಲಿಲ್ಲಂದ್ರ ನಿನಗೇನ ಆತು? ನೀ ಟಿಕೀಟ್ ತಗದಿಯೇನು?” ಎಂದು ಬೈದರೂ ನವಾಜ ಗೆಳೆಯನ ಮಾತು ಮೀರಲಿಲ್ಲ. ಅಂದೇ ಸಂಜೆ ಆ ಜಾಗದಲ್ಲಿ ಕುಸ್ತಿ ಬಂತು.

ಮರುದಿನ ನವಾಜ ಬಸ್‌ಸ್ಟಾಪಿನಲ್ಲಿ ಸಿಕ್ಕು, “ಇಡೀ ಸಪ್ತಾಪುರದಾಗ ಯಾರೂ ತಕರಾರ ಮಾಡಿಲ್ಲ ನೋಡ. ಒಂದ ಮನಿಯಾವ್ರು ಮಾತ್ರ ಫೋನ್ ಮೇಲೆ ಫೋನ್ ಮಾಡಾಕತ್ತಾರ” ಎಂದ.

“ಯಾರಲೇ ಅವರು, ಅಷ್ಟ ತಲಿ ಕೆಟ್ಟಾವ್ರು?”

“ನಿಮ್ಮ ಮನಿಯಾವ್ರು.”

ಆದರೂ ಬೀರಲಿಂಗ ಕಾಲಿನ ಮೇಲೆ ಕಾಲು ಹಾಕಿ ಕುಸ್ತಿ ನೋಡಿದ. ತೆರೆಯ ಮೇಲೆ ಇಬ್ಬರು ಪೈಲ್ವಾನರು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದರು. ಮನೆಯಲ್ಲಿ ಮಾತ್ರ ಸದ್ದಿಲ್ಲ. ವಾರ ಕಳೆಯುವುದರೊಳಗೆ ಎಕ್ಸ್‌ಚೇಂಜ್ ಮತ್ತೆ ಬಾಗಿಲು ತೆರೆಯಿತು.

“ಬೀರಾ, ನಿನ್ನ ಹೇಂತಿಗೆ ಹೇಳು, ಪಲ್ಯಾದಾಗ ಉಪ್ಪ ಐತಿ ಅಂತ.”

“ಉಪ್ಪ ಇರಬೇಕಲ್ಲವಾ?”

“ನೀ ಹೇಳು. ಅಕಿಗೆ ತಿಳೀತೈತಿ.”

ದುರ್ಗಾಳಿಗೆ ತಿಳಿಯಿತು. ಮರುದಿನ ಪಲ್ಯದಲ್ಲಿ ಉಪ್ಪೇ ಇರಲಿಲ್ಲ. ನಸುಕಿನ ಪಾತ್ರೆ ಸಪ್ಪಳ ಮರಳಿ ಬಂತು, ಈ ಸಲ ತಾಳ ಮೇಳ ಸಮೇತ. ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರು. ಬಂದ ದಿನ ಯಾರ ಕೊಡ ಮೊದಲು ಎಂಬ ಪ್ರಶ್ನೆಗೆ ಇಬ್ಬರೂ ಮರ್ಯಾದೆಯಿಂದ ಹಿಂದೆ ಸರಿದು ನಿಂತರು; ಅಷ್ಟರಲ್ಲಿ ನೀರೇ ನಿಂತುಹೋಯಿತು. ಎಲ್ಲದಕ್ಕೂ ಕಳಸವಿಟ್ಟಂತೆ ಶನಿವಾರ ಸಂಜೆ ಹನುಮವ್ವ ತನ್ನ ಖಾದಿ ಚೀಲಕ್ಕೆ ಸೀರೆ ಮಡಚಿಟ್ಟಳು.

“ಬೀರಾ, ನಾಳಿ ಗರಗದ ಬಸ್ ಹತ್ತಸು. ನನ್ನ ರಾಟಿ ನನಗ ಛಲೋ. ಎಳಿ ಹರದ್ರ ಜೋಡಸಾಕ ಬರತೈತಿ.”

“ಯಾಕವಾ, ಏನಾತು?”

“ಏನೂ ಆಗಿಲ್ಲ. ಏನೂ ಆಗೂದ ಇಲ್ಲಲ್ಲ ಈ ಮನ್ಯಾಗ” ಎಂದಳು ಹನುಮವ್ವ.

ಒಳಗೆ ದುರ್ಗಾ ಬೆನ್ನು ತಿರುಗಿಸಿ ನಿಂತಿದ್ದಳು. ಉಳ್ಳಾಗಡ್ಡಿ ಹೆಚ್ಚುವವರ ಹಾಗೆ ಕಣ್ಣು ಒರೆಸಿಕೊಂಡಳು. ಕೈಯಲ್ಲಿ ಉಳ್ಳಾಗಡ್ಡಿ ಇರಲಿಲ್ಲ.

ಬೀರಲಿಂಗನ ತಲೆಯೊಳಗೆ ಆಗ ಬೆಳಕು ಬಿತ್ತು. (ಅಂತರಿಕ್ಷದ ದೂರ ನೋಡಿದರೆ ಬೆಳಕು ಬಂದು ಮುಟ್ಟಲು ತಡವಾಗುವುದು ಸಹಜವೇ.) ನೋವಿನ ಎಣ್ಣೆ, ಪಾತ್ರೆಯ ಸಪ್ಪಳ, ಡಾಕ್ಟರಬಾಯಿ, ಮುದುಕಿ ಎಲ್ಲ ಸಾಲಾಗಿ ಕಣ್ಣಮುಂದೆ ನಿಂತವು. ಆ ನೌಕೆ ಕೆಟ್ಟು ನಿಂತಿರುವತನಕ ಅವನ ಸಂಸಾರ ಓಡುತ್ತಿತ್ತು. ಅವನು ಸ್ವಂತ ಕೈಯಿಂದ ಅದರ ತಂತಿ ಕತ್ತರಿಸಿ ಮನೆಯಲ್ಲಿ ಕುಸ್ತಿ ಹಚ್ಚಿದ್ದ!

ಓಡಿದ. ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ನವಾಜನ ಕೈ ಹಿಡಿದ.

“ಹಾಕಲೇ ಅದನ್ನ! ಆ ಕೆಟ್ಟ ನೌಕೆ ಹಾಕು!”

“ಈಗ ಕುಸ್ತಿಗೆ ಮಂದಿ ಹತ್ಯಾರೋ. ತಗದ್ರ ನನ್ನ ಎತ್ತಿ ಒಗೀತಾರ.”

“ಅವ್ವ ಗರಗಕ್ಕ ಹೊಂಟಾಳ.”

ನವಾಜ ಚಹಾದ ಬಶಿ ಕೆಳಗಿಟ್ಟ. “ಮೊದಲ ಹೇಳಬಾರದೇನು ಕತ್ತೀ” ಎಂದು ಎದ್ದು, ಕುಸ್ತಿಯನ್ನು ಬೇರೆ ನಂಬರಿಗೆ ಸರಿಸಿ ನೌಕೆಯನ್ನು ಹಳೆಯ ಜಾಗಕ್ಕೆ ತಂದ. ಟೀವಿಯಲ್ಲಿ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ಗೆಳೆಯನ ಜೊತೆ ಮನೆಗೂ ಬಂದ. ಬರಬಾರದಿತ್ತು. ಚಿತ್ರ ಮೂಡಿದ ಕೂಡಲೇ ದುರ್ಗಾ ಸಹಜವಾಗಿ, “ಏನ ಆಗಿತ್ರೀ ನವಾಜಣ್ಣಾ?” ಎಂದು ಕೇಳಿದಳು.

ಬೀರಲಿಂಗ ಅವಳ ಬೆನ್ನ ಹಿಂದೆ ನಿಂತು ಕಣ್ಣು, ಹುಬ್ಬು, ಕಿವಿ ಎಲ್ಲದರಿಂದಲೂ ಸನ್ನೆ ಮಾಡಿದ. ಆದರೆ ಹನುಮವ್ವ ಎದುರಿಗೆ ಕೂತಿದ್ದಳು. ಅವಳ ರೊಟ್ಟಿ ತಿಂದ ಬಾಯಿಗೆ ಅವಳ ಮುಂದೆ ಸುಳ್ಳು ಬರಲೊಲ್ಲದು.

“ಏನೂ ಆಗಿರಲಿಲ್ರೀ ವೈನಿ. ಇಂವನ ಬಂದ್ ಮಾಡಸಿದ್ದ” ಎಂದು ನವಾಜ, ಚಪ್ಪಲಿ ಹಾಕಿಕೊಳ್ಳುವ ಮೊದಲೇ ಅರ್ಧ ಓಣಿ ದಾಟಿದ.

ಹನುಮವ್ವ ಎಕ್ಸ್‌ಚೇಂಜನ್ನು ಬದಿಗೆ ಸರಿಸಿ ಸೊಸೆಯ ಕಡೆ ತಿರುಗಿದಳು.

“ನೋಡಿದೇನವಾ ನಿನ್ನ ಗಂಡನ್ನ?”

“ನನ್ನ ಗಂಡ ಆಮ್ಯಾಲಿಂದ್ರಿ ಅತ್ತಿ. ಮೊದಲ ನಿಮ್ಮ ಮಗಾ.”

“ಹೌದ ಬಿಡು. ಹಡದ ತಪ್ಪ ನಂದ. ಆದ್ರ ಒಪ್ಪಿ ಕಟಗೊಂಡ ತಪ್ಪ ನಿಂದು.”

“ಹೌದ್ರಿ, ಖರೇ ಐತಿ” ಎಂದು ದುರ್ಗಾ ನಕ್ಕಳು. ಹನುಮವ್ವನೂ ನಕ್ಕಳು. ತನ್ನನ್ನು ಬೈಯುತ್ತ ಇಬ್ಬರು ಹೀಗೆ ನಗುವುದನ್ನು ಕೇಳಿ ಬೀರಲಿಂಗನ ಕಣ್ಣಲ್ಲಿ ನೀರೇ ಬಂತು. ಶಿಕ್ಷೆಯಾಗಿ ಅವನ ಮುಂದೆ ಒಂದು ಬುಟ್ಟಿ ಉಳ್ಳಾಗಡ್ಡಿ ಬಂತು, ಸುಲಿಯಲು. ಕಣ್ಣೀರಿಗೆ ಅದೇ ಕಾರಣವೆಂದು ಹೇಳಿಕೊಳ್ಳಲು ಅನುಕೂಲವಾಯಿತು.

ತೆರೆಯ ಮೇಲೆ ಎಂದಿನಂತೆ ನೌಕೆ ನಿಂತಿತ್ತು. ಡಾಕ್ಟರಬಾಯಿ ಮುದುಕಿಯ ಕೈಗೆ ನಟ್ಟು ಬಿಗಿಯುವ ಪಾನಾ ಕೊಡುತ್ತ, ಮೂರನೆಯ ಆಮ್ಲಜನಕದ ಟಾಕಿ ಸೋರುತ್ತಿದೆ ಎಂದಳು. ದುರ್ಗಾ ಸ್ವಲ್ಪ ತಡೆದು, ತೆರೆಯನ್ನೇ ನೋಡುತ್ತ ಹೇಳಿದಳು:

“ಡಾಕ್ಟರಬಾಯಿ ಅನ್ನಾಕತ್ತಾಳ್ರಿ, ಹಿರ್ಯಾರು ಹಿಂಗ ಸಿಟ್ಟಾಗಿ ಊರಿಗೆ ಹೋಗಬಾರದಂತ. ಅವರ ಹ್ವಾದ್ರ ಎಂಜಿನ್ ಸಪ್ಪಳ ತಿಳಿಯಾವ್ರು ಮನ್ಯಾಗ ಯಾರೂ ಉಳಿಯೂದಿಲ್ಲಂತ.”

ಬೀರಲಿಂಗ ಟಾಕಿಯ ವಿಷಯ ಹೇಳಲು ಬಾಯಿ ತೆರೆದ. ಜೀವನದಲ್ಲಿ ಮೊದಲ ಸಲ, ತೆರೆದ ಬಾಯಿಯನ್ನು ಏನೂ ಹೇಳದೆ ಮುಚ್ಚಿದ.

“ಮುದಕಿ ಏನಂದ್ಲು?” ಎಂದು ಕೇಳಿದಳು ಹನುಮವ್ವ.

ಮುದುಕಿ ಏನೂ ಅಂದಿರಲಿಲ್ಲ. ಪಾನಾ ತೆಗೆದುಕೊಂಡಿದ್ದಳು ಅಷ್ಟೇ. “ಇನ್ನೂ ಏನೂ ಅಂದಿಲ್ರಿ” ಎಂದಳು ದುರ್ಗಾ.

“ಹೋಗಾಂಗಿಲ್ಲ ಅಂತಾಳ, ನೋಡ್ತಿರು” ಎಂದು ಹನುಮವ್ವ ಕಾಲಿನಿಂದಲೇ ಖಾದಿ ಚೀಲವನ್ನು ಮಂಚದ ಕೆಳಗೆ ನೂಕಿದಳು.

ಇಂದಿಗೂ ಬೀರಲಿಂಗನಿಗೆ ಆ ನಾಲ್ಕನೆಯ ಸರಣಿ ಕಂಡರಾಗದು. ಆಮೇಲೆ ಐದನೆಯದು ಬಂತು, ಅದರಲ್ಲಿ ನೌಕೆ ಚೆನ್ನಾಗಿಯೇ ಹಾರಾಡಿತು. ಯಾರು ಕೇಳಿದರೂ ಅವನು ನಾಲ್ಕನೆಯದನ್ನು ಜಿಗಿದು ಐದಕ್ಕೆ ಹೋಗು ಎನ್ನುತ್ತಾನೆ. ಆದರೆ ಅದನ್ನು ಬರೆದ ಪುಣ್ಯಾತ್ಮರು ಯಾವ ದೇಶದಲ್ಲಿದ್ದರೂ ಅವರ ಒಲೆ ತಣ್ಣಗಾಗದಿರಲಿ, ಅವರ ನಳಕ್ಕೆ ದಿನಾ ನೀರು ಬರಲಿ ಎಂದು ಮನಸ್ಸಿನಲ್ಲಿ ಹರಸುತ್ತಾನೆ. ಎಂಜಿನ್ನನ್ನು ಬೇಗ ರಿಪೇರಿ ಮಾಡಿಸಲಿಲ್ಲವಲ್ಲ, ಆ ಉಪಕಾರ ಸಣ್ಣದಲ್ಲ.

ಅಂದು ಕಂತು ಮುಗಿದು ದುರ್ಗಾ ರೊಟ್ಟಿ ಬಡಿಯಲು ಒಳಗೆ ಹೋದಳು. ಬೀರಲಿಂಗನಿಗೆ ಒಂದು ಅನುಮಾನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪಾಪ, ಹಿಂದಿ ಬಾರದ ಮುದಿ ಜೀವ. ಇಷ್ಟು ದಿನ ಸೊಸೆ ಹೇಳಿದ್ದನ್ನೆಲ್ಲ ನಿಜವೆಂದು ನಂಬಿಬಿಟ್ಟಿದೆ. ಬುಟ್ಟಿ ಸಮೇತ ತಾಯಿಯ ಹತ್ತಿರ ಸರಿದು, ದನಿ ತಗ್ಗಿಸಿ, ತಡವರಿಸುತ್ತ ಕೇಳಿದ:

“ಅವ್ವಾ, ಸಿಟ್ಟಿಗೇಳಬ್ಯಾಡ... ದುರ್ಗಾ ಹೇಳತಾಳಲ್ಲ, ಅದರಾಗಿಂದು ಒಂದ ಮಾತರ ಆ ಟೀವಿಯಾಗ ಇರೂದಿಲ್ಲ ಅನ್ನೂದು ನಿನಗ ಗೊತ್ತೈತೇನು?”

ಹನುಮವ್ವ ಹೊಸೆಯುತ್ತಿದ್ದ ಬತ್ತಿಯಿಂದ ಕಣ್ಣು ಕೀಳಲಿಲ್ಲ.

“ಕ್ವಾರ್ಟರ್ಸಿನ್ಯಾಗ ಅರ್ಧಾ ಆಯುಷ್ಯ ಝಾನ್ಸಿ ಮಂದಿ ಜೋಡಿ ಒಂದ ನಳದ ಮುಂದ ಜಗಳಾ ತಗದೇನಿ. ಹಿಂದಿ ನನಗ ನಿಮ್ಮಿಬ್ಬರಿಗಿಂತ ಛಲೋ ಬರತೈತಿ. ನೀ ಸುಮ್ನ ಉಳ್ಳಾಗಡ್ಡಿ ಸುಲಿ.”